ತೇಲುವ ಚರ್ಚಿಗೆ ಒಂದು ಹೆಸರಿದೆ, ಗೊತ್ತಾ?

ಮಳೆಗಾಲ ಬಂದ್ರೆ ಸಾಕು, ಮಂಗಳೂರಿನ ಹುಡುಗರು ಬೈಕ್ ಹತ್ತಿ ಶಿರಾಡಿ ಘಾಟಿ ದಾಟುತ್ತಾರೆ. ಹಾಸನದ ಹತ್ತಿರ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತ ಚರ್ಚ್ ನೋಡೋದಕ್ಕೆ. ಛಾವಣಿ ಇಲ್ಲ, ಕಿಟಕಿ ಬಾಗಿಲು ಇಲ್ಲ, ಚೂಪಾದ ಕಮಾನುಗಳಷ್ಟೇ ಉಳಿದಿವೆ. ಸಂಜೆಯೊಳಗೆ ರೀಲ್ಸ್ ರೆಡಿ. ಅದರಲ್ಲಿ ಹೆಸರು ಏನಿರುತ್ತೆ? ತೇಲುವ ಚರ್ಚ್. ಮುಳುಗುವ ಚರ್ಚ್. ಬ್ರಿಟಿಷರ ಚರ್ಚ್. ಕೆಳಗೆ ಯಾರೋ ಒಬ್ಬರು ‘ಟಿಪ್ಪು ಕೆಡವಿದ್ದು’ ಅಂತ ಬರೆದರೆ ಮುಗೀತು, ಅಲ್ಲಿಂದ ಜಗಳ ಶುರು.

ಆ ಕಟ್ಟಡಕ್ಕೆ ಸ್ವಂತ ಹೆಸರಿದೆ. ಶೆಟ್ಟಿಹಳ್ಳಿಯ ರೋಸರಿ ಚರ್ಚ್. ಅಂದರೆ ಜಪಮಾಲೆ ಮಾತೆಗೆ ಅರ್ಪಿಸಿದ ದೇವಾಲಯ. ಈ ಹೆಸರು ಮಂಗಳೂರಿನವರಿಗೆ ಹೊಸದಲ್ಲ. ನಮ್ಮ ಬೋಳಾರದ ಕಡೆ ಇರುವ ರೊಜಾರಿಯೊ ಕೆಥೆಡ್ರಲ್ ಕೂಡ ಅದೇ ಮಾತೆಯದು. ಒಂದು ಪೋರ್ಚುಗೀಸ್ ಬಾಯಲ್ಲಿ ಬಂದ ಹೆಸರು, ಇನ್ನೊಂದು ಇಂಗ್ಲಿಷಿನದು. ಹಾಗೆಯೇ ಮಿಲಾಗ್ರಿಸ್ ಅಂದರೆ ಪೋರ್ಚುಗೀಸಿನಲ್ಲಿ ಪವಾಡಗಳು. ಕೊಂಕಣಿಯ ‘ಇಗರ್ಜ್’ ಕೂಡ ಪೋರ್ಚುಗೀಸಿನಿಂದಲೇ ಬಂದ ಮಾತು.

ಹೆಸರು ಸಿಕ್ಕಿದರೆ ಅರ್ಧ ಚರಿತ್ರೆ ಸಿಕ್ಕಿದ ಹಾಗೆ. ಹೇಗೆ ಅಂತೀರಾ? ಜಪಮಾಲೆ ಹಿಡಿದು ಮೇರಿ ಮಾತೆಯನ್ನು ಪ್ರಾರ್ಥಿಸುವುದು ಕ್ಯಾಥೊಲಿಕರ ಪದ್ಧತಿ. ಬ್ರಿಟಿಷ್ ಅಧಿಕಾರಿಗಳದು ಹೆಚ್ಚಾಗಿ ಆಂಗ್ಲಿಕನ್ ಸಭೆ, ಅವರು ಕಟ್ಟಿದ ಚರ್ಚಿಗೆ ಇಂಥ ಹೆಸರು ಬರೋದು ಕಷ್ಟ. ಹಾಗಾಗಿ ‘ರೋಸರಿ’ ಎಂಬ ಒಂದೇ ಪದ ನಮ್ಮನ್ನು ಬೇರೆ ದಾರಿಗೆ ಕರೆದೊಯ್ಯುತ್ತದೆ. ಶೆಟ್ಟಿಹಳ್ಳಿಯದು ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚ್. ಕಾಲ 1860ರ ದಶಕ.

ಈಗ ಟಿಪ್ಪು ವಿಷಯಕ್ಕೆ ಬರೋಣ. ಕರಾವಳಿಯಲ್ಲಿ ಪಾಳು ಚರ್ಚ್ ಅಂದ ಕೂಡಲೇ ಈ ಹೆಸರು ಯಾಕೆ ಬರುತ್ತೆ ಅನ್ನೋದಕ್ಕೆ ಕಾರಣ ಇದೆ. 1568ರಲ್ಲಿ ಪೋರ್ಚುಗೀಸರು ಕಟ್ಟಿದ ರೊಜಾರಿಯೊ, 1680ರ ಮಿಲಾಗ್ರಿಸ್ ಎರಡೂ 1784ರಲ್ಲಿ ಟಿಪ್ಪು ಆಳ್ವಿಕೆಯಲ್ಲಿ ನೆಲಸಮವಾದವು. ಸಾವಿರಾರು ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದೂ ಆಗಲೇ. ಅದು ನಡೆದ ಚರಿತ್ರೆ, ಮುಚ್ಚಿಡೋದು ಬೇಡ. ಆದರೆ ಟಿಪ್ಪು ಸತ್ತಿದ್ದು 1799ರಲ್ಲಿ. ಅದಾದ ಅರವತ್ತು ವರ್ಷದ ಮೇಲೆ ಕಟ್ಟಿದ ಚರ್ಚನ್ನು ಅವನು ಕೆಡವೋದು ಹೇಗೆ ಸ್ವಾಮಿ? ಎರಡು ಇಸವಿ ಪಕ್ಕಪಕ್ಕ ಬರೆದಿದ್ದರೆ ಜಗಳವೇ ಹುಟ್ಟುತ್ತಿರಲಿಲ್ಲ.

ಇದೇ ಲೆಕ್ಕ ಇನ್ನೊಂದು ಕಡೆಯೂ ಬೇಕು. ಫ್ರೆಂಚ್ ಪಾದ್ರಿ ಅಂದ ಕೂಡಲೇ ಅಬ್ಬೆ ದುಬೊಯ್ ಹೆಸರು ಹೇಳುವವರಿದ್ದಾರೆ. ದುಬೊಯ್ ಮೈಸೂರು ಸೀಮೆಯಲ್ಲಿ ಬಹಳ ವರ್ಷ ಇದ್ದವರು, ನಿಜ. ಆದರೆ 1823ರಲ್ಲೇ ಫ್ರಾನ್ಸಿಗೆ ಮರಳಿದರು. 1860ರ ದಶಕದ ಕಟ್ಟಡ ಅಂತ ಹೇಳಿ, ಅದೇ ಉಸಿರಿನಲ್ಲಿ ಕಟ್ಟಿದ್ದು ದುಬೊಯ್ ಅಂದರೆ ಎರಡೂ ಒಟ್ಟಿಗೆ ನಿಲ್ಲೋದಿಲ್ಲ. ಸಭೆಯ ವಯಸ್ಸು ಬೇರೆ, ಕಟ್ಟಡದ ವಯಸ್ಸು ಬೇರೆ. ರೊಜಾರಿಯೊ ಸಭೆ 1568ರದು, ಇವತ್ತು ನಾವು ನೋಡುವ ಗುಮ್ಮಟದ ಕಟ್ಟಡ ಇಪ್ಪತ್ತನೇ ಶತಮಾನದ್ದು.

ಇನ್ನೊಂದು ಗೊಂದಲ. ದೊಡ್ಡದು ಕಂಡರೆ ಕೆಥೆಡ್ರಲ್, ಸಣ್ಣದು ಕಂಡರೆ ಚಾಪೆಲ್ ಅಂತೀವಿ. ತಪ್ಪು. ಬಿಷಪರ ಪೀಠ ಇದ್ದರೆ ಮಾತ್ರ ಕೆಥೆಡ್ರಲ್. ಬಾವುಟಗುಡ್ಡೆಯ ಅಲೋಶಿಯಸ್ ನೋಡಿ. ಇಟಲಿಯ ಮೊಸ್ಕೇನಿ ಗೋಡೆ ತುಂಬಾ ಚಿತ್ರ ಬರೆದ ಆ ಭವ್ಯ ಕಟ್ಟಡ ಇವತ್ತಿಗೂ ಚಾಪೆಲ್, ಯಾಕೆಂದರೆ ಅದು ಕಾಲೇಜಿನ ಪ್ರಾರ್ಥನಾಲಯ. ಶೆಟ್ಟಿಹಳ್ಳಿಯದು ಎಷ್ಟೇ ಎತ್ತರ ಕಂಡರೂ ಊರಿನ ಚರ್ಚ್.

ಹಾಗಾದರೆ ಅದು ಪಾಳು ಬಿದ್ದದ್ದು ಯಾಕೆ? ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದೆವು. 1979ರಲ್ಲಿ ಅದು ಪೂರ್ತಿಯಾಯಿತು. ಹಿನ್ನೀರು ಹೊಲ, ಮನೆ, ಊರುಗಳನ್ನು ನುಂಗಿತು. ಜನ ಎದ್ದು ಬೇರೆ ಕಡೆ ಹೋದರು, ಚರ್ಚ್ ಅಲ್ಲೇ ಉಳಿಯಿತು. ಯಾವ ದೊರೆಯೂ ದಂಡೆತ್ತಿ ಬರಲಿಲ್ಲ. ನಮ್ಮದೇ ಸರ್ಕಾರ, ನಮ್ಮದೇ ಬೆಳೆಗೆ ನೀರು ಕೊಡೋದಕ್ಕೆ ಮಾಡಿದ ಕೆಲಸ ಅದು. ಅಣೆಕಟ್ಟು ಬೇಡವಾಗಿತ್ತು ಅಂತ ನಾನು ಹೇಳ್ತಿಲ್ಲ. ಆ ನೀರು ಕುಡಿದವರು, ಆ ನೀರಲ್ಲಿ ಬೆಳೆದವರು ಲಕ್ಷಾಂತರ ಜನ. ಆದರೆ ‘ತೇಲುವ ಚರ್ಚ್’ ಅಂದಾಗ ಏನಾಗುತ್ತೆ ನೋಡಿ: ಅಣೆಕಟ್ಟೂ ಕಾಣಲ್ಲ, ಊರು ಬಿಟ್ಟವರೂ ಕಾಣಲ್ಲ. ಅಲ್ಲಿ ದೀಕ್ಷಾಸ್ನಾನ ಪಡೆದವರು, ಮದುವೆಯಾದವರು, ಹೆತ್ತವರನ್ನು ಮಣ್ಣು ಮಾಡಿದವರು ಇದ್ದರು ಅನ್ನೋದೇ ಮರೆತುಹೋಗುತ್ತೆ. ಫೋಟೊಗೆ ಹಿನ್ನೆಲೆ ಒಂದೇ ಉಳಿಯುತ್ತೆ.

ಆದ್ದರಿಂದ ಯಾವ ಪಾಳು ಚರ್ಚ್ ಕಂಡರೂ ನಾಲ್ಕು ಪ್ರಶ್ನೆ ಕೇಳಿ. ಯಾರ ಹೆಸರಿನದು? ಕಟ್ಟಿದ್ದು ಯಾರು? ಯಾವಾಗ? ಖಾಲಿಯಾದದ್ದು ಯಾಕೆ? ಸುತ್ತಲಿನ ಹಿರಿಯರನ್ನು ಕೇಳಿ. ಸಮಾಧಿ ಕಲ್ಲು ಇದ್ದರೆ ಓದಿ. ಕ್ಯಾಥೊಲಿಕ್ ಚರ್ಚುಗಳಲ್ಲಿ ದೀಕ್ಷಾಸ್ನಾನ, ಮದುವೆ, ಮರಣದ ದಾಖಲೆ ಪುಸ್ತಕ ಇಡುವ ಪದ್ಧತಿ ಇದೆ, ಧರ್ಮಪ್ರಾಂತ್ಯದ ಕಚೇರಿಯಲ್ಲಿ ವಿಚಾರಿಸಬಹುದು.

ಮುಂದಿನ ಸಲ ಘಾಟಿ ಹತ್ತಿ ಹೋದಾಗ ಫೋಟೊ ಧಾರಾಳವಾಗಿ ಹಾಕಿ. ಕೆಳಗೆ ಇಷ್ಟು ಬರೆದರೆ ಸಾಕು: ರೋಸರಿ ಚರ್ಚ್, ಶೆಟ್ಟಿಹಳ್ಳಿ. ಹೇಮಾವತಿ ಅಣೆಕಟ್ಟಿನ ಹಿನ್ನೀರಿನಿಂದ ಜನ ತೊರೆದ ಊರ ಚರ್ಚ್.