ಬ್ಯಾನರ್ ದೊಡ್ಡದು, ವರ್ಡ್‌ನ ಪುಟ ಚಿಕ್ಕದು

ಮದ್ರಸದ ವಾರ್ಷಿಕೋತ್ಸವಕ್ಕೆ ಆರು ಅಡಿ ಉದ್ದ, ಮೂರು ಅಡಿ ಎತ್ತರದ ಬ್ಯಾನರ್ ಬೇಕು. ಮನೆಯಲ್ಲಿ ಕಂಪ್ಯೂಟರ್ ಇದೆ, ಮಗಳಿಗೆ ನುಡಿಯಲ್ಲಿ ಟೈಪ್ ಮಾಡಲು ಬರುತ್ತದೆ. ನಾವೇ ಮಾಡೋಣವೆಂದು ನೀವು ಕುಳಿತು ಪುಟದ ಅಗಲ 72 ಇಂಚು ಎಂದು ಕೊಟ್ಟರೆ ಮೈಕ್ರೋಸಾಫ್ಟ್ ವರ್ಡ್ ಒಪ್ಪುವುದಿಲ್ಲ. ಅದರಲ್ಲಿ ಪುಟದ ಉದ್ದವಾಗಲಿ ಅಗಲವಾಗಲಿ 22 ಇಂಚು ದಾಟುವಂತಿಲ್ಲ. 42 ಸೆಂ.ಮೀ. ಉದ್ದದ ಎ3 ಹಾಳೆ ಹಿಡಿಸುತ್ತದೆ, 59.4 ಸೆಂ.ಮೀ.ನ ಎ2 ಹಿಡಿಸದು.

ದಾಂಡೇಲಿಯವರಿಗೆ ಇದು ಸೋಜಿಗವೆನಿಸಬಹುದು. ಅಲ್ಲಿನ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನಲ್ಲಿ 1959ರಿಂದ ಕಾಗದ ತಯಾರಾಗುತ್ತಿದೆ. ಯಂತ್ರದಿಂದ ಅದು ದೊಡ್ಡ ಸುರುಳಿಯಾಗಿ ಬರುತ್ತದೆ, ಹಾಳೆಯ ಅಳತೆ ಕತ್ತರಿಸುವಾಗಿನ ಮಾತು. ವರ್ಡ್ ಮಾತ್ರ ಪತ್ರ, ಅರ್ಜಿ, ವರದಿಗಳಿಗಾಗಿ ಹುಟ್ಟಿದ್ದು.

ಉಪಾಯ ಸುಲಭ. ಎಲ್ಲವನ್ನೂ ಕಾಲು ಪಾಲಿಗೆ ಇಳಿಸಿ. 72ಕ್ಕೆ 18, 36ಕ್ಕೆ 9 ಇಂಚು. ಬ್ಯಾನರಿನಲ್ಲಿ ಎಂಟು ಇಂಚಿನ ಅಕ್ಷರ ಬೇಕಿದ್ದರೆ ಇಲ್ಲಿ ಎರಡು ಇಂಚು ಸಾಕು. ನಂತರ ಪಿಡಿಎಫ್ ಮಾಡಿ, ನಾಲ್ಕು ಪಟ್ಟು ಹಿಗ್ಗಿಸಿ ಮುದ್ರಿಸಲು ಅಂಗಡಿಯವರಿಗೆ ಹೇಳಿ. ವರ್ಡ್ ಫೈಲನ್ನೇ ಒಯ್ದರೆ, ಅವರಲ್ಲಿ ನುಡಿಯ ಅಕ್ಷರಗಳಿಲ್ಲದಿದ್ದಾಗ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಇನ್ನೊಂದು ಎಚ್ಚರಿಕೆ: ಅಕ್ಷರ ಹಿಗ್ಗಿದರೂ ಅಂಚು ಕೆಡುವುದಿಲ್ಲ, ಸಣ್ಣ ಫೋಟೋ ಮಾತ್ರ ಮಸುಕಾಗುತ್ತದೆ.

ಜೋಯಿಡಾದ ಹಳ್ಳಿಯಿಂದ ಬಸ್ಸು ಹಿಡಿದು ದಾಂಡೇಲಿಗೋ ಹಳಿಯಾಳಕ್ಕೋ ಬರುವವರಿಗೆ, ಮುಂಡಗೋಡದಿಂದ ಹುಬ್ಬಳ್ಳಿಗೆ ಹೋಗುವವರಿಗೆ, ಒಂದು ತಪ್ಪೆಂದರೆ ಇನ್ನೊಂದು ದಿನ ಮತ್ತು ಇನ್ನೊಂದು ಬ್ಯಾನರಿನ ಹಣ. ಅಂಗಡಿಯಲ್ಲಿ ಮುದ್ರಣವಾದ ಮೇಲೆ ಗುರುಗಳ ಹೆಸರು ತಪ್ಪಾಗಿದೆಯೆಂದು ತಿಳಿದರೆ ಮುಖ ತೋರಿಸುವುದು ಹೇಗೆ? ಹೊರಡುವ ಮುನ್ನ ಎ4 ಹಾಳೆಯಲ್ಲಿ ಒಂದು ಪ್ರತಿ ತೆಗೆದು, ಮನೆಯವರೆಲ್ಲ ಒಮ್ಮೆ ಓದಿ ನೋಡಿ.