ಇ-ಮೇಲ್‌ನಲ್ಲಿ ಕಾಣುವ ಹೆಸರು ನಿಜವೇ? ಡೊಮೇನ್ ತಾಳೆ ನೋಡುವ ಕ್ರಮ



ಮಾರಾಟದ ಲೆಕ್ಕಪಟ್ಟಿ, ಕ್ಯೂರಿಂಗ್ ವರ್ಕ್ಸ್‌ನ ಔಟ್‌ಟರ್ನ್ ವರದಿ, ಗೊಬ್ಬರದ ಬಿಲ್ಲು ಮುಂತಾದವು ಈಗ ಇ-ಮೇಲ್ ಮೂಲಕವೂ ಬರುತ್ತಿರುವುದು ತಮಗೆ ತಿಳಿದೇ ಇದೆ. ಜೊತೆಗೆ, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣವನ್ನು ಹೊಸ ಖಾತೆಗೆ ಜಮಾ ಮಾಡಿರಿ" ಎಂಬ ಕಳ್ಳ ಪತ್ರಗಳೂ ಬರುತ್ತವೆ. ಮುಂಗಾರಿಗೆ ಮುನ್ನ ಮೈಲುತುತ್ತಕ್ಕೆಂದು ತೆಗೆದಿರಿಸಿದ ಹಣ ಇಂತಹ ಪತ್ರದಿಂದ ಪರರ ಪಾಲಾದರೆ, ಆ ವರ್ಷ ಕೊಳೆರೋಗವನ್ನು ತಡೆಯುವ ದಾರಿಯೇ ಇಲ್ಲವಾಗುತ್ತದೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಅರಿಯುವುದು ಒಳ್ಳೆಯದು.

ಅಂಚೆಯ ಕಾಗದಕ್ಕೆ ಲಕೋಟೆಯ ಮೇಲೊಂದು, ಒಳಗಿನ ಹಾಳೆಯ ಮೇಲೊಂದು ವಿಳಾಸವಿರುವಂತೆ, ಇ-ಮೇಲ್‌ಗೂ ಕಳುಹಿಸಿದವರ ವಿಳಾಸಗಳು ಎರಡು. ನಮಗೆ ಕಾಣುವುದು ಒಳಗಿನ 'ಫ್ರಮ್' ಸಾಲು ಮಾತ್ರ. ಲಕೋಟೆಯ ವಿಳಾಸವನ್ನು ಯಂತ್ರಗಳು ತಮ್ಮೊಳಗೇ ನೋಡಿಕೊಳ್ಳುತ್ತವೆ. ವಿಳಾಸದಲ್ಲಿ '@' ಗುರುತಿನ ನಂತರ ಬರುವ ಭಾಗವೇ ಡೊಮೇನ್.

ಪತ್ರವನ್ನು ಪರೀಕ್ಷಿಸುವ ವಿಧಾನಗಳು ಎರಡು. ಮೊದಲನೆಯದು ಎಸ್.ಪಿ.ಎಫ್. ತನ್ನ ಪರವಾಗಿ ಪತ್ರ ಕಳುಹಿಸಲು ಯಾವ ಯಂತ್ರಗಳಿಗೆ ಅಧಿಕಾರವಿದೆಯೆಂಬ ಪಟ್ಟಿಯನ್ನು ಡೊಮೇನಿನ ಒಡೆಯನು ಡಿ.ಎನ್.ಎಸ್. ಎಂಬ ದಾಖಲೆಯಲ್ಲಿ ಇಟ್ಟಿರುತ್ತಾನೆ. ಪಹಣಿಯಂತೆ ಅದನ್ನು ಯಾರು ಬೇಕಾದರೂ ನೋಡಬಹುದು. ಆದರೆ ಇಲ್ಲಿ ಪರೀಕ್ಷೆಗೆ ಒಳಗಾಗುವುದು ಲಕೋಟೆಯ ಡೊಮೇನ್. ಎರಡನೆಯದು ಡಿ.ಕೆ.ಐ.ಎಂ.; ಇದು ಅರಗಿನ ಮೊಹರಿನಂತೆ. ಮೊಹರು ಒತ್ತಿದ ಡೊಮೇನ್ ಯಾವುದೆಂಬುದು ಅದರಲ್ಲೇ ಬರೆದಿರುತ್ತದೆ. ದಾರಿಯಲ್ಲಿ ಪತ್ರವನ್ನು ತಿದ್ದಿದರೆ ಮೊಹರು ಒಡೆಯುತ್ತದೆ.

ತೊಡಕು ಇರುವುದು ಇಲ್ಲಿಯೇ. ಇವೆರಡೂ 'ಫ್ರಮ್' ಸಾಲಿನ ಹೆಸರಿನೊಡನೆ ತಾಳೆ ನೋಡುವುದಿಲ್ಲ. ವಂಚಕನು ತನ್ನದೇ ಡೊಮೇನ್ ಕೊಂಡು, ತನ್ನದೇ ಮೊಹರು ಒತ್ತಿ, 'ಫ್ರಮ್' ಸಾಲಿನಲ್ಲಿ ಮಾತ್ರ ಬ್ಯಾಂಕಿನ ವಿಳಾಸ ಬರೆದರೆ ಎರಡು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗುತ್ತಾನೆ. ಇನ್ನೊಬ್ಬರ ತೂಕದ ಚೀಟಿ ಸಾಚಾ ಆಗಿರಬಹುದು. ಆದರೆ ಅದರಿಂದ ಮೂಟೆ ನಮ್ಮದೆಂದು ಸಾಬೀತಾಗದು.

ಈ ಕೊರತೆಯನ್ನು ನೀಗಿಸಲು 2012ರಲ್ಲಿ ಪ್ರಕಟವಾಗಿ, 2015ರಲ್ಲಿ ಆರ್.ಎಫ್.ಸಿ. 7489 ಎಂದು ದಾಖಲಾದ ಕ್ರಮವೇ ಡಿಮಾರ್ಕ್. ಇದರ ಪ್ರಕಾರ ಎರಡರಲ್ಲಿ ಒಂದು ಪರೀಕ್ಷೆಯಾದರೂ ತೇರ್ಗಡೆಯಾಗಬೇಕು. ಜೊತೆಗೆ ಆ ಪರೀಕ್ಷೆಯ ಡೊಮೇನ್ 'ಫ್ರಮ್' ಸಾಲಿನ ಡೊಮೇನಿಗೆ ತಾಳೆಯಾಗಬೇಕು. ಉದಾಹರಣೆಗೆ ಒಂದು ಸಂಘದ ಡೊಮೇನ್ 'ಸಂಘ.ಇನ್' ಎಂದಿಟ್ಟುಕೊಳ್ಳೋಣ. ಸಡಿಲ ತಾಳೆಯಲ್ಲಿ 'ಪತ್ರ.ಸಂಘ.ಇನ್' ಎಂಬ ಮೊಹರೂ ಸಲ್ಲುತ್ತದೆ. ಬಿಗಿ ತಾಳೆಯಲ್ಲಿ ಹೆಸರು ಅಕ್ಷರಶಃ ಒಂದೇ ಇರಬೇಕು. ಬೇರೆ ಸೂಚನೆ ಇಲ್ಲದಿದ್ದರೆ ಸಡಿಲ ತಾಳೆಯೇ ಅನ್ವಯವಾಗುತ್ತದೆ. ಎರಡು ಬೇರೆ ಸಂಸ್ಥೆಗಳ ಹೆಸರು 'ಕೋ.ಇನ್' ಎಂದು ಕೊನೆಗೊಂಡ ಮಾತ್ರಕ್ಕೆ ತಾಳೆಯಾಗದು.

ಸಂಘ ಸಂಸ್ಥೆಗಳು ಸುತ್ತೋಲೆ ಕಳುಹಿಸಲು ಹೊರಗಿನ ಕಂಪನಿಯನ್ನು ನೇಮಿಸಿದಾಗ ಆ ಕಂಪನಿಯು ತನ್ನ ಹೆಸರಿನಲ್ಲೇ ಲಕೋಟೆ, ಮೊಹರು ಹಾಕಿದರೆ ಪ್ರಾಮಾಣಿಕ ಪತ್ರವೂ ಡಿಮಾರ್ಕ್‌ನಲ್ಲಿ ಅನುತ್ತೀರ್ಣವಾಗುತ್ತದೆ. ಸಂಘದ ಡೊಮೇನಿನಿಂದಲೇ ಮೊಹರು ಹಾಕುವಂತೆ ಏರ್ಪಾಡು ಮಾಡುವುದೇ ಪರಿಹಾರ. ಪತ್ರವನ್ನು ಬೇರೊಂದು ಪೆಟ್ಟಿಗೆಗೆ ತಾನಾಗಿ ರವಾನಿಸುವಾಗ ಎಸ್.ಪಿ.ಎಫ್. ಸಾಮಾನ್ಯವಾಗಿ ತಪ್ಪುತ್ತದೆ, ತಿದ್ದದ ಪತ್ರದ ಮೊಹರು ಉಳಿಯುತ್ತದೆ. ಆದಕಾರಣ ಎರಡೂ ಇರುವುದು ಕ್ಷೇಮ.

ತಾಳೆಯಾಗದ ಪತ್ರವನ್ನು ಏನು ಮಾಡಬೇಕೆಂದು ಡೊಮೇನಿನ ಒಡೆಯನೇ ಸೂಚಿಸಬಹುದು: ಸುಮ್ಮನೆ ವರದಿ ಮಾಡುವುದು, ಸ್ಪ್ಯಾಮ್‌ಗೆ ಹಾಕುವುದು, ಇಲ್ಲವೆ ತಿರಸ್ಕರಿಸುವುದು. ಮೊದಲನೆಯದರಿಂದ ಆರಂಭಿಸಿ, ವರದಿಗಳನ್ನು ನೋಡಿ ಕ್ರಮೇಣ ಬಿಗಿಗೊಳಿಸುವುದು ವಾಡಿಕೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000 ಅಥವಾ ಹೆಚ್ಚು ಪತ್ರ ಕಳುಹಿಸುವವರಿಗೆ ಗೂಗಲ್ 2024ರ ಫೆಬ್ರವರಿಯಿಂದ ಡಿಮಾರ್ಕ್ ಕಡ್ಡಾಯಗೊಳಿಸಿದೆ.

ಸದಸ್ಯರು ಸ್ವತಃ ಪರೀಕ್ಷಿಸಲೂಬಹುದು. ಕಂಪ್ಯೂಟರಿನಲ್ಲಿ ಜಿಮೇಲ್ ಪತ್ರ ತೆರೆದು, ಮೂರು ಚುಕ್ಕೆಗಳನ್ನು ಒತ್ತಿ, 'ಶೋ ಒರಿಜಿನಲ್' ಆರಿಸಿದರೆ ಈ ಪರೀಕ್ಷೆಗಳ ಫಲಿತಾಂಶ ಕಾಣುತ್ತದೆ. ಡಿಮಾರ್ಕ್ ಎದುರು 'ಫೇಲ್' ಎಂದಿದ್ದರೆ ಎಚ್ಚರ ವಹಿಸಬೇಕು.

ಆದರೆ 'ಪಾಸ್' ಎಂದಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಒಂದಕ್ಷರ ಬದಲಿಸಿದ ಹೋಲಿಕೆಯ ಡೊಮೇನ್ ಕೊಂಡವನೂ ಪಾಸಾಗುತ್ತಾನೆ; ವ್ಯಾಪಾರಿಯ ಪಾಸ್‌ವರ್ಡ್ ಕದ್ದವನೂ ಪಾಸಾಗುತ್ತಾನೆ. ಆದುದರಿಂದ ಖಾತೆ ಬದಲಾಗಿದೆಯೆಂಬ ಪತ್ರ ಬಂದಾಗ, ಅದರಲ್ಲಿ ಕೊಟ್ಟ ನಂಬರಿಗಲ್ಲದೆ, ತಮ್ಮಲ್ಲಿ ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡ ನಂತರವೇ ಹಣ ಕಳುಹಿಸತಕ್ಕದ್ದು. ಒಂದು ವೇಳೆ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿರಿ, ಬ್ಯಾಂಕಿಗೂ ತಿಳಿಸಿರಿ.

— ಕಾರ್ಯದರ್ಶಿ