ನಮ್ಮೂರ ಲ್ಯಾಪ್‌ಟಾಪ್ ಹೊರದೇಶದಲ್ಲಿ ನಡೆಯುತ್ತಾ?

ಗೆಳೆಯರೇ, ಎಲ್ಲ ದೇಶದಲ್ಲೂ ಕರೆಂಟು ಒಂದೇ ತರಹ ಇರುವುದಿಲ್ಲ. ನಮ್ಮ ದೇಶದಲ್ಲಿ 230 ವೋಲ್ಟ್, ಅಮೆರಿಕದಲ್ಲಿ 120, ಜಪಾನಿನಲ್ಲಿ ಬರೀ 100.

ಓದಲು ಅಮೆರಿಕಕ್ಕೆ ಹೊರಟಿರುವ ನಮ್ಮಕ್ಕನಿಗೆ ಅಪ್ಪ ಸಾಲ ಮಾಡಿ ಲ್ಯಾಪ್‌ಟಾಪ್ ಕೊಡಿಸಿದ್ದಾರೆ. ಅಲ್ಲಿ ಅದು ಸುಟ್ಟುಹೋದರೆ ಏನು ಗತಿ ಅಂತ ಅಮ್ಮನಿಗೆ ಚಿಂತೆ. ಅದಕ್ಕೇ ನಾನು ಚಾರ್ಜರನ್ನು ಸಾಕೆಟ್ಟಿನಿಂದ ತೆಗೆದು, ತಿರುಗಿಸಿ ಓದಿದೆ. ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್’ ಎಂದು ಸಣ್ಣಕ್ಷರದಲ್ಲಿತ್ತು. ಅಂದರೆ ಈ ಮೂರೂ ದೇಶದ ಕರೆಂಟು ಅದಕ್ಕೆ ಆಗುತ್ತದೆ. ಯಾವುದೇ ಆದರೂ ಅದನ್ನು ಸುಮಾರು 20 ವೋಲ್ಟಿನ ಡಿ.ಸಿ. ಮಾಡಿ ಲ್ಯಾಪ್‌ಟಾಪಿಗೆ ಕೊಡುತ್ತದೆ.

ತೊಂದರೆ ಇರುವುದು ಪಿನ್ನಿನಲ್ಲಿ. ನಮ್ಮದು ಗುಂಡು ಪಿನ್ನು, ಅಮೆರಿಕದ್ದು ಚಪ್ಪಟೆ. ಅದಕ್ಕೊಂದು ಅಡಾಪ್ಟರ್ ಬೇಕು. ಆದರೆ ನೆನಪಿಡಿ: ಅಡಾಪ್ಟರಿನಿಂದ ಪಿನ್ನಿನ ಆಕಾರ ಮಾತ್ರ ಬದಲಾಗುತ್ತೆ, ವೋಲ್ಟೇಜು ಬದಲಾಗಲ್ಲ. ನಮ್ಮ 230 ವೋಲ್ಟಿನ ಮಿಕ್ಸಿ ಅಲ್ಲಿ ಸರಿಯಾಗಿ ತಿರುಗದು. ಅಲ್ಲಿಯ 120 ವೋಲ್ಟಿನ ಸಾಮಾನನ್ನು ಇಲ್ಲಿ ಹಾಕಿದರೆ ಸುಟ್ಟೇ ಹೋದೀತು.

ಆದ್ದರಿಂದ ಯಾವುದೇ ಕರೆಂಟಿನ ಸಾಮಾನು ಹೊರದೇಶಕ್ಕೆ ಒಯ್ಯುವ ಮುಂಚೆ ಅದರ ಮೇಲಿನ ಅಂಕಿ ಓದಿ. ಮನೆಯ ದೊಡ್ಡವರಿಗೂ ಓದಿ ಹೇಳಿ.